ಜುಟ್ಟಿಗೆ ಮಲ್ಲಿಗೆ, ಚಕ್ರಕ್ಕೆ ಅಲಾಯ್

ನಮ್ಮಕ್ಕನ ಮಗ ಕಾರು ಕೊಂಡ. ಸ್ವಿಫ್ಟ್. ಎಲ್ಲಕ್ಕಿಂತ ಕೆಳಗಿನ ಮಾಡೆಲ್ಲು. ಸಾಲ ಏಳು ವರ್ಷದ್ದು. ಸಂತೋಷ ಮೂರು ವಾರದ್ದು.

ನಾಲ್ಕನೇ ವಾರ ಮನೆಗೆ ಬಂದ. ಮುಖ ಬಾಡಿತ್ತು. ಕಂತಿಗೆ ದುಡ್ಡು ಸಾಲದಾಯಿತೇನೋ ಅಂದುಕೊಂಡೆ. ಅದಲ್ಲ. “ಮಾಮಾ, ಹಿಂದಿನಿಂದ ನೋಡಿದ್ರೆ ಸೈಕಲ್ ಟೈರ್ ಥರ ಕಾಣುತ್ತೆ” ಅಂದ.

ಹಿಂದಿನಿಂದ ನೋಡುವವರು ಯಾರು? ಅವನಂತೂ ಅಲ್ಲ, ಅವನು ಒಳಗೆ ಕೂತಿರುತ್ತಾನೆ. ಸಿಗ್ನಲ್ಲಿನಲ್ಲಿ ಹಿಂದೆ ನಿಂತ, ಹೆಸರು ಗೊತ್ತಿಲ್ಲದ ಯಾವನೋ ಸ್ಕೂಟರಿನವನು. ಅವನ ಕಣ್ಣಿಗೆ ತಂಪಾಗಲಿ ಎಂದು ನಮ್ಮ ಹುಡುಗ ಅರ್ಧ ಲಕ್ಷಕ್ಕೂ ಮೀರಿ ಸುರಿಯಲು ತಯಾರಾಗಿದ್ದ. ಇಂಥ ದಾನಬುದ್ಧಿ ಕರ್ಣನಿಗೂ ಇರಲಿಲ್ಲ. ಅವನು ಕೇಳಿದವರಿಗೆ ಮಾತ್ರ ಕೊಡುತ್ತಿದ್ದ.

ಪೆಟ್ರೋಲ್ ಬಂಕಿನಲ್ಲಿ ಇದೇ ಹುಡುಗ ಕಾರು ಅಲ್ಲಾಡಿಸಿ ಇನ್ನೂ ಎರಡು ಚಮಚ ತುಂಬುತ್ತದೋ ನೋಡುತ್ತಾನೆ. ಕಾರು ಕೊಳ್ಳುವ ಮೊದಲು ಆರು ತಿಂಗಳು ಊರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಮೈಲೇಜ್ ಕೊಡುತ್ತೆ. ಈಗ ಮೈಲೇಜು ತಿನ್ನುವ ಭಾರದ ಚಕ್ರಕ್ಕೆ ಅವನೇ ಅಡ್ವಾನ್ಸ್ ಕೊಡಲು ಹೊರಟಿದ್ದ. ನನ್ನನ್ನೂ ಕರೆದ. ಹೋದೆ.

ಜೆ.ಸಿ. ರೋಡಿನ ಒಂದು ಅಂಗಡಿ. ಗೋಡೆ ತುಂಬ ಅಲಾಯ್ ಚಕ್ರಗಳು, ಆಭರಣದ ಅಂಗಡಿಯ ಹಾಗೆ ದೀಪ. ಹುಡುಗನೊಬ್ಬ ಓಡಿ ಬಂದ.

“ಯಾವ ಗಾಡಿ ಸಾರ್? ಸ್ವಿಫ್ಟಾ? ಸೆವೆಂಟೀನ್ ಹಾಕ್ಸಿ. ಟೂ ನಾಟ್ ಫೈವ್ ಟೈರು. ಬೇರೇನೇ ಲೆವೆಲ್ಲು.”

ಎಷ್ಟು ಓಡಿಸುತ್ತೀರಿ ಅಂತ ಕೇಳಲಿಲ್ಲ. ಯಾವ ರಸ್ತೆ ಅಂತ ಕೇಳಲಿಲ್ಲ. ಮನೆಯಲ್ಲಿ ಎಷ್ಟು ಜನ, ಊರಿಗೆ ಹೋಗುವಾಗ ಎಷ್ಟು ಅಕ್ಕಿಮೂಟೆ, ಏನೂ ಇಲ್ಲ. ಚಪ್ಪಲಿ ಅಂಗಡಿಯವನಾದರೂ ಮೊದಲು ಕಾಲು ನೋಡುತ್ತಾನೆ.

“ರಿಮ್ಮಿನ ಅಗಲ ಎಷ್ಟಪ್ಪ?” ಅಂದೆ.

“ಸೆವೆಂಟೀನ್ ಸಾರ್.”

“ಅದು ವ್ಯಾಸ. ಅಗಲ?”

ಅವನು ಓನರ್ ಕಡೆ ನೋಡಿದ. ಓನರ್ ನನ್ನ ಕಡೆ ನೋಡಿದರು. ಅಕ್ಕನ ಮಗ ನೆಲ ನೋಡಿದ. ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳದ ಚೀಟಿ ಕೇಳಿದ ಸೋದರಮಾವನಿಗೆ ಸಿಗುವ ಮರ್ಯಾದೆ ನನಗೆ ಸಿಕ್ಕಿತು.

ಟೈರಿನ ಜಾತಕ ಅದರ ಮೈಮೇಲೇ ಅಚ್ಚಾಗಿದೆ. 165/80 ಆರ್14 ಅಂದರೆ ಅಗಲ 165 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದ ಶೇಕಡ 80, ಅಂದರೆ 132 ಮಿಲಿಮೀಟರು. ಕೂರುವ ರಿಮ್ಮಿನ ವ್ಯಾಸ 14 ಇಂಚು. ಇಷ್ಟೇ. ಫ್ಲಾಟ್ ಕೊಳ್ಳುವಾಗ ಸೂಪರ್ ಬಿಲ್ಟಪ್ಪಿನಲ್ಲಿ ಕಾರ್ಪೆಟ್ ಏರಿಯಾ ಎಷ್ಟು ಅಂತ ಬಾಯಿಲೆಕ್ಕದಲ್ಲಿ ಹೇಳುವ ಜನ ನಾವು. ಇದನ್ನು ಮಾತ್ರ ಓದುವುದಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಸಂದಿಯಲ್ಲೊಂದು ಚೀಟಿ ಅಂಟಿಸಿರುತ್ತದೆ. ಯಾವ ಟೈರು, ಎಷ್ಟು ಗಾಳಿ, ಜನ ತುಂಬಿದರೆ ಎಷ್ಟು, ಎಲ್ಲವೂ ಅದರಲ್ಲಿದೆ. ಇಡೀ ಕಾರಿನಲ್ಲಿ ಸುಳ್ಳು ಹೇಳದ ಕಾಗದ ಅದೊಂದೇ. ಅದನ್ನೂ ಯಾರೂ ಓದುವುದಿಲ್ಲ.

ಯಾವ ಟೈರಿಗೆ ಏನು ಕೆಲಸ ಅಂತ ತಿಳಿಯಲು ಈಗ ಎತ್ತಿನ ಗಾಡಿಗೆ ಬರೋಣ.

ಎತ್ತು ಮುಂದಿರುತ್ತದೆ. ಎಳೆಯುವುದು ಅದು. ತಿರುಗುವುದು ಅದು. ಹಗ್ಗ ಜಗ್ಗಿದರೆ ನಿಲ್ಲಿಸುವುದೂ ಅದೇ. ಹಿಂದಿನ ಚಕ್ರ ಸುಮ್ಮನೆ ಬೆನ್ನು ಹತ್ತಿ ಬರುತ್ತದೆ. ಫ್ರಂಟ್ ವೀಲ್ ಡ್ರೈವ್ ಅಂದರೆ ಇದೇ. ಹಳೆಯ ಅಂಬಾಸಿಡರು, ಪ್ರೀಮಿಯರ್ ಪದ್ಮಿನಿಗಳು ತಳ್ಳುಗಾಡಿಗಳು, ಹಿಂದಿನಿಂದ ನೂಕುತ್ತಿದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ದೇಶದ ಮಧ್ಯಮ ವರ್ಗ ಸದ್ದಿಲ್ಲದೆ ಮತ್ತೆ ಎತ್ತಿನ ಗಾಡಿ ಹತ್ತಿತು. ಅದಕ್ಕಿದ್ದದ್ದು 12 ಇಂಚಿನ ಚಕ್ರ, 145 ಮಿಲಿಮೀಟರಿನ ಟೈರು. ಅದರಲ್ಲೇ ಅಜ್ಜಿ ಸಮೇತ ಐದು ಜನ ಧರ್ಮಸ್ಥಳಕ್ಕೆ ಹೋಗಿ ಬಂದೆವು. ಸೈಕಲ್ ಟೈರಿನ ಹಾಗಿದೆ ಅಂತ ಅಜ್ಜಿ ಅತ್ತಿದ್ದು ನೆನಪಿಲ್ಲ.

ಇಂದು ಬೀದಿಯಲ್ಲಿ ಓಡುವ ಸ್ವಿಫ್ಟು, ಬಲೆನೊ, ಐ20, ಪೋಲೋ ಎಲ್ಲ ಇದೇ ಜಾತಿ. ಎಂಜಿನ್ನು, ಗೇರ್‌ಬಾಕ್ಸು ಎರಡೂ ಮುಂದೆ. ತೂಕದ ಶೇಕಡ 60ರಷ್ಟು ಮುಂದಿನ ಎರಡು ಟೈರಿನ ಮೇಲೆ. ಬ್ರೇಕು ಒತ್ತಿದರೆ ಮೂತಿ ಬಗ್ಗಿ ಇನ್ನಷ್ಟು. ಎಳೆತ, ತಿರುವು, ಬ್ರೇಕಿನ ಬಹುಪಾಲು, ಮೂರು ಚಾಕರಿ ಎರಡೇ ಟೈರಿಗೆ. ಹಿಂದಿನ ಎರಡು ಸರ್ಕಾರಿ ಕಚೇರಿಯ ದೊಡ್ಡ ಸಾಹೇಬರ ಹಾಗೆ. ಹಾಜರಿ ಇದೆ. ಕೆಲಸ ಕಡಿಮೆ.

ಹಿಡಿತ ಅನ್ನುವುದು ತಿಂಗಳ ಸಂಬಳ. ಇರುವುದು ಅಷ್ಟೇ. ತಿರುವಿಗೆ ಖರ್ಚಾದರೆ ಬ್ರೇಕಿಗೆ ಉಳಿಯುವುದಿಲ್ಲ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಅದು ಕೈಸಾಲ. ಸ್ಟೀರಿಂಗ್ ತಿರುಗಿರುತ್ತದೆ, ಕಾರು ನೆಟ್ಟಗೆ ಹೋಗುತ್ತಿರುತ್ತದೆ. ಸಾಲ ವಸೂಲಿಗೆ ರಸ್ತೆ ಬದಿಯ ಹೊಂಗೆಮರ ಕಾದಿರುತ್ತದೆ.

ಹಾಗಾದರೆ ಅಗಲದ ಟೈರು ಹಾಕಿದರೆ ಸಂಬಳ ಜಾಸ್ತಿಯಾಗುತ್ತದಲ್ಲವೇ? ಅಂಗಡಿಯವನ ವಾದ ಅದೇ. “ಅಗಲ ಇದ್ದಷ್ಟೂ ಗ್ರಿಪ್ಪು ಸಾರ್.” ಕೇಳಲು ಸೊಗಸು. ನಿಜವೂ ಅರ್ಧ ಇದೆ. ಅರ್ಧ ನಿಜಕ್ಕೆ ಪೂರ್ತಿ ಬಿಲ್ಲು.

ಲೆಕ್ಕ ನೋಡಿ. ಡ್ರೈವರು ಕೂತ ಇಂಥ ಕಾರಿನಲ್ಲಿ ಒಂದೊಂದು ಮುಂದಿನ ಟೈರು ಹೊರುವುದು ಸುಮಾರು 300 ಕಿಲೋ. ಒಳಗೆ 32 ಪಿಎಸ್‌ಐ ಗಾಳಿ. ಅಂದರೆ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 133 ಚದರ ಸೆಂಟಿಮೀಟರು. ಬೆರಳು ಸೇರಿ ಒಂದು ಅಂಗೈ. ಟೈರು 165 ಇರಲಿ, 205 ಇರಲಿ, ಭಾರ ಅದೇ, ಗಾಳಿ ಅದೇ, ಆದ್ದರಿಂದ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ. ಉದ್ದಕ್ಕಿದ್ದ ಅಂಗೈ ಅಡ್ಡಕ್ಕೆ ತಿರುಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅಡ್ಡ ಅಂಗೈ ಒಳ್ಳೆಯದು, ಒಪ್ಪಿದೆ. ಗಿಡ್ಡ ಪಕ್ಕೆ ಕಡಿಮೆ ಬಳುಕುತ್ತದೆ, ಅದನ್ನೂ ಒಪ್ಪಿದೆ. ಆದರೆ ನಿಂತ ನೀರಿನಲ್ಲಿ ಅಡ್ಡ ಅಂಗೈ ಹೆಚ್ಚು ನೀರು ತಳ್ಳಬೇಕು. ತಳ್ಳಲಾಗದಿದ್ದರೆ ತೇಲುತ್ತದೆ.

ನಮ್ಮೂರಲ್ಲಿ ನೀರು ಎಲ್ಲಿ ನಿಲ್ಲುವುದಿಲ್ಲ ಹೇಳಿ.

ಇನ್ನೊಂದು ತಮಾಷೆ ಹುಡುಗನ ಕಣ್ಣಿಗೆ ಬಿದ್ದಿರಲಿಲ್ಲ. ಅಳತೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಟೈರು ಎಷ್ಟು ಭಾರ ಹೊರಬಲ್ಲದು ಅನ್ನುವುದಕ್ಕೆ. ಸ್ವಿಫ್ಟಿನ ಮೇಲಿನ ಮಾಡೆಲ್ಲಿಗೆ ಬರುವ 185/65 ಆರ್15 ಟೈರಿನ ಮೇಲೆ ಸಾಮಾನ್ಯವಾಗಿ 88 ಅಂತಿರುತ್ತದೆ, ಅಂದರೆ 560 ಕಿಲೋ. ಅಂಗಡಿಯ ಹುಡುಗ ತಂದಿಟ್ಟ 205/45 ಆರ್17ರ ಮೇಲೆ ಇದ್ದದ್ದು 84, ಅಂದರೆ 500 ಕಿಲೋ. ಅಗಲ 20 ಮಿಲಿಮೀಟರು ಹೆಚ್ಚು. ಹೊರುವ ತಾಕತ್ತು 60 ಕಿಲೋ ಕಡಿಮೆ. ಜಿಮ್ಮಿಗೆ ಹೋಗಿ ಎದೆ ಉಬ್ಬಿಸಿಕೊಂಡವನು ಗ್ಯಾಸ್ ಸಿಲಿಂಡರ್ ಎತ್ತಲು ಪಕ್ಕದ ಮನೆಯವರನ್ನು ಕರೆದ ಹಾಗೆ.

84ರ ಪಕ್ಕದಲ್ಲಿ ‘ವಿ’ ಅಂತ ಒಂದಕ್ಷರವೂ ಇತ್ತು. ಗಂಟೆಗೆ 240 ಕಿಲೋಮೀಟರ್ ತಾಳಿಕೆ. ಹುಡುಗನ ಕಣ್ಣು ಹೊಳೆಯಿತು. ಟಾಮ್‌ಟಾಮ್‌ನವರ 2023ರ ಲೆಕ್ಕದಲ್ಲಿ ಬೆಂಗಳೂರಿನ ನಟ್ಟನಡುವೆ 10 ಕಿಲೋಮೀಟರ್ ಸಾಗಲು ಹಿಡಿದದ್ದು ಸರಾಸರಿ 28 ನಿಮಿಷ 10 ಸೆಕೆಂಡು. ಗಂಟೆಗೆ 21 ಕಿಲೋಮೀಟರು. ಉಳಿದ 219 ಮನೆಯಲ್ಲಿ ಫ್ರಿಜ್ಜಿನಲ್ಲಿಡಬೇಕು.

ಅಂಗಡಿಯವನನ್ನು ಮಾತ್ರ ಬೈದರೆ ಅನ್ಯಾಯ. ತೆಳು ಟೈರಿನ ಮೂಲಪುರುಷ ಕಂಪನಿಯೇ. ಒಂದೇ ಕಾರು, ಒಂದೇ ಎಂಜಿನ್ನು, ಒಂದೇ ಸ್ಟೀರಿಂಗು. ಮೇಲಿನ ಮಾಡೆಲ್ಲಿಗೆ 185/65 ಆರ್15. ಕೆಳಗಿನದಕ್ಕೆ 165/80 ಆರ್14. ಕೆಳಗಿನ ಮಾಡೆಲ್ಲಿನವನು ನಿಧಾನಕ್ಕೆ ಹೋಗುತ್ತಾನೆ ಅಂತ ಬರೆದುಕೊಟ್ಟಿದ್ದಾನೆಯೇ? ಅವನ ಮಕ್ಕಳು ಹಗುರವೇ? 2024ರ ಸ್ವಿಫ್ಟಿನಲ್ಲಿ ಎಲ್ಲ ಮಾಡೆಲ್ಲಿಗೂ ಆರು ಏರ್‌ಬ್ಯಾಗು. ಭೇಷ್. ಗುದ್ದಿದ ಮೇಲೆ ಕಾಪಾಡುವುದರಲ್ಲಿ ಸಮಾನತೆ ಬಂತು. ಗುದ್ದುವ ಮೊದಲು ನಿಲ್ಲಿಸುವ ರಬ್ಬರು ಮಾತ್ರ ದುಡ್ಡಿದ್ದವರ ಪಾಲಿಗೆ.

ಇದರಲ್ಲೇ ಉತ್ತರವೂ ಇದೆ. ಸಿಟ್ಟು ಬರುವುದೂ ಅದಕ್ಕೇ. 165/80 ಆರ್14ರ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರು. 185/65 ಆರ್15ರದ್ದು 621. ಬಲೆನೊದ ಮೇಲಿನ ಮಾಡೆಲ್ಲಿನ 195/55 ಆರ್16ರದ್ದೂ 621. ಒಂದರ ಬದಲು ಇನ್ನೊಂದು ಹಾಕಿದರೂ ಮೀಟರು ಸುಳ್ಳು ಹೇಳುವುದಿಲ್ಲ, ಗೇರಿನ ಲೆಕ್ಕ ತಪ್ಪುವುದಿಲ್ಲ, ಮಡ್‌ಗಾರ್ಡಿಗೆ ಉಜ್ಜುವುದಿಲ್ಲ. 185 ಬೇಕೆಂದರೆ ಐದೂವರೆ ಇಂಚು ಅಗಲದ 15 ಇಂಚಿನ ರಿಮ್ಮು ಸಾಕು. ಕಂಪನಿಯೇ ಅದೇ ಕಾರಿಗೆ ಹಾಕಿ ಮಾರುತ್ತಿರುವ ಟೈರಿನ ಅಳತೆ. ಉತ್ತರ ಅದೇ ಶೋರೂಮಿನಲ್ಲಿ ಪಕ್ಕದಲ್ಲಿ ನಿಂತ ಕಾರಿನ ಬಾಗಿಲ ಸಂದಿಯಲ್ಲಿ ಅಂಟಿತ್ತು.

“ಹದಿನೈದೇ ಹಾಕ್ಸೋ. ಎಳೆಯೋದಕ್ಕೂ ನಿಲ್ಲಿಸೋದಕ್ಕೂ ಅಷ್ಟು ಸಾಕು” ಅಂದೆ.

“ಹದಿನೈದು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ ಮಾಮಾ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಲಕಾಡಿನ ಗಂಗರಿಂದ ಇಂದಿನವರೆಗೆ ಯಾರಲ್ಲೂ ಇದ್ದ ಹಾಗಿಲ್ಲ. ಅವನು 17 ಹಾಕಿಸಿದ.

ಹಾಕಿಸಿದ್ದು ಬರೀ 17 ಅಲ್ಲ. ಚಕ್ರ ಸ್ವಲ್ಪ ಹೊರಗೆ ಚಾಚಿರಬೇಕಂತೆ, ಅದೇ ಈಗಿನ ಲುಕ್ಕು. ರಿಮ್ಮಿನ ಒಳಗೆ ಹಬ್ಬಿಗೆ ಕೂರುವ ಜಾಗ ಎಲ್ಲಿದೆ ಅನ್ನುವುದಕ್ಕೆ ಆಫ್‌ಸೆಟ್ ಅಂತ ಲೆಕ್ಕವಿದೆ. ಮುಂದಿನ ಚಕ್ರವೇ ಎಳೆದು ಅದೇ ತಿರುಗುವ ಕಾರಿನಲ್ಲಿ ಈ ಲೆಕ್ಕ ದೇವರ ಲೆಕ್ಕ. ಚಕ್ರ ಹೊರಗೆ ಸರಿದಷ್ಟೂ ಗುಂಡಿಯ ಏಟು ಸ್ಟೀರಿಂಗಿಗೆ ಹೆಚ್ಚು, ಬೇರಿಂಗಿಗೆ ಹೊರೆ ಹೆಚ್ಚು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಪಕ್ಕಕ್ಕೆ ಎಳೆಯುವುದೂ ಹೆಚ್ಚು. ಇದನ್ನೆಲ್ಲ ಹೇಳಿದೆ. ಕೇಳಿಸಲಿಲ್ಲ. ಮೊದಲ ಮಳೆಗೆ ಒಂದು ಪಾಠ ತಾನಾಗಿ ಆಯಿತು. ಮಡ್‌ಗಾರ್ಡಿನಿಂದಾಚೆ ಇಣುಕಿದ ಚಕ್ರ ರಸ್ತೆಯ ಕೆಸರನ್ನೆಲ್ಲ ಎತ್ತಿ ಅವನ ಕಾರಿನ ಬಾಗಿಲಿಗೇ ಬಳಿಯಿತು. ಮದುವೆಮನೆಗೆ ಬಂದ ಕಾರು ಗದ್ದೆ ಉತ್ತು ಬಂದ ಕೋಣದ ಹಾಗಿತ್ತು.

ರಿಮ್ಮಿನ ಅಗಲವನ್ನು ನಾನು ಆಮೇಲೆ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಅಳೆಸಿದೆ. ಏಳು ಇಂಚು. ಸರಿಯಾಗೇ ಇತ್ತು. 205/45 ಆರ್17ಕ್ಕೆ ಆರೂವರೆಯಿಂದ ಏಳೂವರೆಯವರೆಗೆ ನಡೆಯುತ್ತದೆ. ಅಂಗಡಿಯವನು ಸರಿಯಾದದ್ದನ್ನೇ ಕೊಟ್ಟಿದ್ದ. ಯಾಕೆ ಕೊಟ್ಟ ಅಂತ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಪಕ್ಕೆ ಉಬ್ಬಿ ತಿರುವಿನಲ್ಲಿ ಮಗ್ಗುಲಿಗೆ ಹೊರಳುತ್ತದೆ. ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಜಗ್ಗಿ ಕೂರಿಸಿದರೆ ರಿಮ್ಮಿನ ಅಂಚೇ ಬಯಲಾಗುತ್ತದೆ. ಎರಡನೆಯದಕ್ಕೆ ಫ್ಯಾಷನ್ ಅಂತ ಹೆಸರಿದೆ. ಮೊದಲನೆಯದಕ್ಕೆ ಅಡ್ಜಸ್ಟ್‌ಮೆಂಟ್ ಅಂತ.

ಅಕ್ಕನ ಮಗನಿಗೊಬ್ಬ ಗೆಳೆಯ. ಅವನು ಇನ್ನೂ ಮೇಲು. ಯಾವುದೋ ಬಿಎಂಡಬ್ಲ್ಯೂ ನೋಡಿದ್ದ. ಅದರಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಇವನೂ ತನ್ನ ಹ್ಯಾಚ್‌ಬ್ಯಾಕಿಗೆ ಹಿಂದೆ 205, ಮುಂದೆ 185 ಹಾಕಿಸಿದ. ಆ ಜರ್ಮನ್ ಕಾರು ಹಿಂದಿನಿಂದ ನೂಕುತ್ತದೆ ಮಾರಾಯ. ಅಲ್ಲಿ ದುಡಿಯುವವನು ಹಿಂದಿದ್ದಾನೆ. ನಿನ್ನದರಲ್ಲಿ ದುಡಿಯುವವನು ಮುಂದೆ. ಹೊಲ ಉಳುವವನು ಬರಿಗಾಲಲ್ಲಿ, ಬದುವಿನ ಮೇಲೆ ಕೂತವನಿಗೆ ಹೊಸ ಬೂಟು. ಮೊದಲೇ ತಿರುವಿನಲ್ಲಿ ಮೂತಿ ಆಚೆ ಎಳೆಯುವ ಸ್ವಭಾವದ ಕಾರು ಇದು. ಹಿಂದೆ ಹಿಡಿತ ಹೆಚ್ಚಿಸಿದರೆ ಮೂತಿ ಇನ್ನಷ್ಟು ಮೊಂಡು ಬೀಳುತ್ತದೆ. ಟೈರು ಮುಂದೆ ಹಿಂದೆ ಅದಲುಬದಲು ಮಾಡುವ ದಾರಿಯೂ ಮುಚ್ಚಿತು, ಅಳತೆ ಬೇರೆ ಬೇರೆ. ರೇಸಿಗೆ ಇಳಿಯುವವರು ಇಂಥ ಕಾರಿಗೆ ಅಗಲ ಟೈರು ಹಾಕಬೇಕೆಂದರೆ ಮುಂದಕ್ಕೆ ಹಾಕುತ್ತಾರೆ. ಆದರೆ ಅದು ಚೆಂದ ಕಾಣುವುದಿಲ್ಲ. ಅಲ್ಲಿಗೆ ಆ ಮಾತು ಬಿತ್ತು.

ರೇಸು ಅಂದೆ, ಅಲ್ಲೇ ಇನ್ನೊಂದು ನೆನಪಾಯಿತು. 1959ರಲ್ಲಿ ಅಲೆಕ್ ಇಸಿಗೋನಿಸ್ ಇಂಗ್ಲೆಂಡಿನಲ್ಲಿ ಮಿನಿ ಕಾರು ಮಾಡಿದ. ಎಂಜಿನ್ನು ಅಡ್ಡಡ್ಡ ಇಟ್ಟು ಮುಂದಿನ ಚಕ್ರ ಎಳೆಯುವ ಹಾಗೆ. ಇಂದು ನಾವು ಓಡಿಸುವ ಸಣ್ಣ ಕಾರುಗಳೆಲ್ಲ ಅದರ ಮೊಮ್ಮಕ್ಕಳು. ಅದಕ್ಕಿದ್ದ ಚಕ್ರ 10 ಇಂಚು. ನಮ್ಮ ಸ್ಕೂಟರಿನದ್ದರಷ್ಟು. ಅದೇ ಮಿನಿ ಕೂಪರ್ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು, ಹಿಮ ಬಿದ್ದ ಆಲ್ಪ್ಸ್ ಬೆಟ್ಟದ ರಸ್ತೆಗಳಲ್ಲಿ. ನಮ್ಮ ಹುಡುಗ ಆವತ್ತು ಅಲ್ಲಿದ್ದಿದ್ದರೆ ಕೇಳುತ್ತಿದ್ದ, ಮಾಮಾ ಹಿಂದಿನಿಂದ ಹೇಗೆ ಕಾಣುತ್ತೆ.

ಈಗಿನ ವಿಶ್ವ ರ‍್ಯಾಲಿ ಕಾರುಗಳನ್ನೇ ನೋಡಿ. ನುಣುಪು ಡಾಂಬರಿನಲ್ಲಿ 18 ಇಂಚಿನ ಚಕ್ರ, ಗಿಡ್ಡ ಪಕ್ಕೆ. ಕಲ್ಲು ಮಣ್ಣಿನ ರಸ್ತೆ ಬಂದರೆ 15 ಇಂಚಿಗೆ ಇಳಿಯುತ್ತಾರೆ, ಎತ್ತರದ ಪಕ್ಕೆ. ಹಿಮವಿದ್ದರೆ ಟೈರು ಇನ್ನೂ ಕಿರಿದು. ಕೋಟಿಗಟ್ಟಲೆ ಬಾಳುವ ಕಾರು, ಕೈಯಲ್ಲಿ ಪ್ರಪಂಚದ ಟೈರುಗಳೆಲ್ಲ. ಆದರೂ ರಸ್ತೆ ನೋಡಿ ಆರಿಸುತ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆ ಯಾವ ದರ್ಜೆಗೆ ಸೇರುತ್ತದೆ ಅಂತ ನೀವೇ ತೀರ್ಮಾನಿಸಿ. ಅಲ್ಲಿ ಓಡಿಸಲು ನಮ್ಮವರು ಆರಿಸಿದ್ದು ನುಣುಪು ಡಾಂಬರಿನ ಟೈರು. ಗುಂಡಿಯ ರಸ್ತೆಗೆ 92 ಮಿಲಿಮೀಟರಿನ ಪಕ್ಕೆ. ಕಳಚಿ ಬಿಸಾಕಿದ್ದು 132.

ಆ 40 ಮಿಲಿಮೀಟರು ಇದ್ದದ್ದು ಗುಂಡಿಯ ಏಟು ನುಂಗಲು. ಅದು ಹೋದರೆ ಏಟು ಯಾರು ನುಂಗಬೇಕು? ರಿಮ್ಮು. ಆಮೇಲೆ ಸಸ್ಪೆನ್ಷನ್ನು. ಆಮೇಲೆ ಬೆನ್ನುಮೂಳೆ. ಕಡೆಗೆ ಏಳು ವರ್ಷದ ಕಂತು.

ಅಗಲಕ್ಕೆ ಇಷ್ಟು ತಲೆ ಕೆಡಿಸಿಕೊಂಡವರು ಗಾಳಿಗೆ ಕೆಡಿಸಿಕೊಳ್ಳುವುದಿಲ್ಲ. ಬಂಕಿನಲ್ಲಿ ಗಾಳಿ ಬಿಟ್ಟಿ. ಬಿಟ್ಟಿ ಸಿಗುವುದಕ್ಕೆ ನಮ್ಮಲ್ಲಿ ಬೆಲೆ ಇಲ್ಲ. ಅದಕ್ಕೇ ನೈಟ್ರೋಜನ್ ಅಂತ ಬೋರ್ಡು ಹಾಕಿ ಅದನ್ನೇ ಮಾರುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ನೈಟ್ರೋಜನ್ನೇ. ದುಡ್ಡು ಕೊಡುವುದು ಉಳಿದ ಚೂರಿಗೆ. ಕೊಟ್ಟ ಮೇಲೆ ಆರು ತಿಂಗಳು ತಿರುಗಿಯೂ ನೋಡುವುದಿಲ್ಲ, “ನೈಟ್ರೋಜನ್ ಅಲ್ವಾ ಸಾರ್.”

ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳಿಗೆಂದು ಒಂದು ಲೆಕ್ಕ ಕಂಡುಕೊಂಡರು. ನಿಂತ ನೀರಿನ ಮೇಲೆ ಟೈರು ಯಾವ ವೇಗಕ್ಕೆ ತೇಲುತ್ತದೆ ಅನ್ನುವುದು ಮುಖ್ಯವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಕಟ್ಟುಬಿದ್ದಿದೆ. ಆ ಸೂತ್ರದ ಪ್ರಕಾರ 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿಲೋಮೀಟರು. ಗಾಳಿ 22ಕ್ಕೆ ಇಳಿದಿದ್ದರೆ 78. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮಿತಿ 100. ಮಳೆಯಲ್ಲಿ ಮದ್ದೂರು ವಡೆಗೆ ಓಡುವವರು ಈ ಮೂರು ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ನೋಡುವುದಿಲ್ಲ. ಅಲಾಯ್ ಒರೆಸಲು ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಮೈಕ್ರೋಫೈಬರ್ ಬಟ್ಟೆ ಇರುತ್ತದೆ.

ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾರು ರಸ್ತೆಗಿಳಿಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 94. ಹೊಗೆ ಸರ್ಟಿಫಿಕೇಟಿಗೆ, ಸೀಟ್ ಬೆಲ್ಟಿಗೆ, ಗಾಜಿನ ಕಪ್ಪು ಫಿಲ್ಮಿಗೆ ಪೊಲೀಸರು ನನ್ನನ್ನು ನಿಲ್ಲಿಸಿದ್ದಾರೆ. ಬಗ್ಗಿ ಟೈರು ನೋಡಿದ ಒಬ್ಬನನ್ನೂ ನಾನು ಈ ಜನ್ಮದಲ್ಲಿ ಕಂಡಿಲ್ಲ. ಬೋಳು ಟೈರು ನಮ್ಮಲ್ಲಿ ಅಪರಾಧವಲ್ಲ, ಮಿತವ್ಯಯ.

ಮುಂದಿನ ಎರಡು ಬೇಗ ಸವೆಯುತ್ತವೆ. ಸವೆಯಲೇಬೇಕು, ಎಲ್ಲ ಕೆಲಸ ಅವಕ್ಕೇ. ಆಗ ಎರಡು ಹೊಸ ಟೈರು ಬರುತ್ತವೆ. ಮೆಕ್ಯಾನಿಕ್ಕು ಕೇಳದೆಯೇ ಅವನ್ನು ಮುಂದೆ ಹಾಕುತ್ತಾನೆ. “ಫ್ರಂಟ್ ವೀಲ್ ಗಾಡಿ ಸಾರ್, ಮುಂದೇನೇ ಬೇಕು.” ನನ್ನ ಮಾತನ್ನೇ ನನಗೆ ತಿರುಗಿಸಿದ ಹಾಗಿದೆ, ಅಲ್ಲವೇ? ಇಲ್ಲಿ ಮಾತ್ರ ಎತ್ತಿನ ಗಾಡಿಯ ನ್ಯಾಯ ಕೈಕೊಡುತ್ತದೆ. ಮಿಷೆಲಿನ್‌ನಿಂದ ಹಿಡಿದು ದೊಡ್ಡ ಟೈರು ಕಂಪನಿಗಳೆಲ್ಲ ಹೇಳುವುದು ಒಂದೇ, ಎರಡೇ ಹೊಸದಾದರೆ ಅವು ಹಿಂದಕ್ಕೆ. ಒದ್ದೆ ತಿರುವಿನಲ್ಲಿ ಮುಂದಿನದು ಜಾರಿದರೆ ಮೂತಿ ಆಚೆ ಹೋಗುತ್ತದೆ. ಕಾಲು ತೆಗೆದರೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ಬುಗುರಿಯೊಳಗೆ ಕೂತು ಸ್ಟೀರಿಂಗ್ ತಿರುಗಿಸುವ ವಿದ್ಯೆ ನಮ್ಮ ಡ್ರೈವಿಂಗ್ ಸ್ಕೂಲುಗಳಲ್ಲಿ ಹೇಳಿಕೊಟ್ಟಿಲ್ಲ. ಅಲ್ಲಿ ಹೇಳಿಕೊಟ್ಟದ್ದು ಎಂಟು ಹಾಕುವುದು, ಅದೂ ಸ್ಕೂಟರಿನಲ್ಲಿ. ಹಾಗಾಗಿ ಹಿಂದಿನ ಸಾಹೇಬರ ಮೇಲೆ ನಾನು ಆಗಲೇ ಹೇಳಿದ ಮಾತನ್ನು ಸ್ವಲ್ಪ ವಾಪಸು ತೆಗೆದುಕೊಳ್ಳುತ್ತೇನೆ. ಕೆಲಸ ಮಾಡದಿದ್ದರೂ ಪರವಾಗಿಲ್ಲ, ಅವರು ಜಾಗ ಬಿಟ್ಟು ಏಳಬಾರದು.

ಮೆಕ್ಯಾನಿಕ್ಕಿಗೆ ಇದನ್ನು ಹೇಳಿದೆ. “ಇಪ್ಪತ್ತು ವರ್ಷದಿಂದ ಮುಂದೇನೇ ಹಾಕ್ತಿದೀನಿ ಸಾರ್” ಅಂದ. ನಮ್ಮ ದೇಶದಲ್ಲಿ ತಪ್ಪಿಗೆ ಇಪ್ಪತ್ತು ವರ್ಷ ತುಂಬಿದರೆ ಅದಕ್ಕೆ ಅನುಭವ ಅಂತ ನಾಮಕರಣ.

ಇದೆಲ್ಲದರ ಮಧ್ಯೆ ಬೆಂಗಳೂರಿನ ಪಾಲಿಕೆ ಒಂದಿದ್ದದ್ದು ಐದಾಯಿತು. ಗುಂಡಿಗಳಿಗೆ ಈಗ ಐದು ಮನೆತನ.

ಆಗಬೇಕಾದದ್ದು ಆಗಸ್ಟಿನಲ್ಲಿ ಆಯಿತು. ರಾತ್ರಿ ಹತ್ತೂವರೆ. ಮಳೆ ನಿಂತು ಅರ್ಧ ಗಂಟೆ. ರಸ್ತೆ ತುಂಬ ನೀರು, ನೀರಿನಡಿ ಏನಿದೆ ಅಂತ ಗಂಗಮ್ಮನಿಗೇ ಗೊತ್ತು. ಮುಂದಿನ ಎಡ ಚಕ್ರ ಇಳಿಯಿತು. ದಡ್ ಅಂತ ಸದ್ದು. ಫೋನ್ ಬಂತು. “ಮಾಮಾ, ಅಲಾಯ್ ಹೋಯ್ತು.”

“ನೀನು ಹೇಗಿದೀಯೋ?”

“ಡೈಮಂಡ್ ಕಟ್ ಮಾಮಾ.”

ಹೋದೆ. ರಿಮ್ಮಿನ ಅಂಚು ಕಚ್ಚಿದ ಚಕ್ಕುಲಿಯ ಹಾಗೆ ಮುರಿದಿತ್ತು. ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆ ಗಾತ್ರದ ಗುಳ್ಳೆ. ಹಳೆಯ ನಾಲ್ಕು ಚಕ್ರಗಳನ್ನು ಹುಡುಗ ಅಂಗಡಿಗೇ ಕೊಟ್ಟು ಬಂದಿದ್ದ, ಎಕ್ಸ್‌ಚೇಂಜ್ ಅಂತ. ಕೊಟ್ಟ ದುಡ್ಡಿಗೆ ಮೂರು ಜನ ದೋಸೆ ತಿನ್ನಬಹುದಿತ್ತು, ಕಾಫಿ ಸೇರಿಸಿ. ಡಿಕ್ಕಿಯಲ್ಲಿದ್ದದ್ದು ಸ್ಟೆಪ್ನಿ ಒಂದೇ. 165/80 ಆರ್14. ಕಪ್ಪು ಸ್ಟೀಲ್ ರಿಮ್ಮು. ಅದೇ ಸೈಕಲ್ ಟೈರು.

ಸ್ಟೆಪ್ನಿ ಅನ್ನುವ ಮಾತು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರ ಸುಮಾರಿಗೆ ಅಲ್ಲಿಬ್ಬರು ಅಣ್ಣತಮ್ಮಂದಿರು ಬಿಡಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಆ ಬೀದಿಯ ಹೆಸರು ಇಂಗ್ಲಿಷರೇ ಮರೆತಿದ್ದಾರೆ. ನಮ್ಮ ಲಾರಿ ಕ್ಲೀನರ್ ಹುಡುಗರು ನೂರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. 2020ರಲ್ಲಿ ಸರ್ಕಾರ ನಿಯಮ ತಿದ್ದಿತು. ಪಂಕ್ಚರ್ ಕಿಟ್ಟು, ಗಾಳಿಯ ಒತ್ತಡ ತೋರಿಸುವ ಯಂತ್ರ ಇದ್ದರೆ ಸಣ್ಣ ಕಾರಿಗೆ ಸ್ಟೆಪ್ನಿಯೇ ಬೇಕಿಲ್ಲ ಅಂತ. ಮುರಿದ ರಿಮ್ಮಿಗೆ ಪಂಕ್ಚರ್ ಕಿಟ್ಟಿನಿಂದ ಏನು ಮಾಡಬೇಕು ಅಂತ ಆ ತಿದ್ದುಪಡಿ ಬರೆದವರನ್ನು ರಾತ್ರಿ ಹತ್ತೂವರೆಗೆ ಆ ರಸ್ತೆಯಲ್ಲಿ ನಿಲ್ಲಿಸಿ ಕೇಳಬೇಕು.

ಮೊಣಕಾಲುದ್ದ ನೀರಲ್ಲಿ ನಿಂತು ಜಾಕ್ ಹಾಕಿದೆವು. ವ್ಯಾಸದಲ್ಲಿ ವ್ಯತ್ಯಾಸ ಮೂರ್ನಾಲ್ಕೇ ಮಿಲಿಮೀಟರು, ಒಂದರದ್ದು 620, ಇನ್ನೊಂದರದ್ದು 616. ಕೂತಿತು. ಮೂರು ಮೂಲೆಯಲ್ಲಿ ಡೈಮಂಡ್ ಕಟ್, ಮುಂದಿನ ಎಡಕ್ಕೆ ಕಪ್ಪು ಸ್ಟೀಲು. ನಲವತ್ತರ ವೇಗದಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಎಡಗಡೆ ಗುಂಡಿ ಬಂದಾಗ ಮೆತ್ತಗೆ, ಬಲಗಡೆ ಬಂದಾಗ ದಡ್. ಹುಡುಗನಿಗೆ ಅದು ಕೇಳಿಸುತ್ತಿತ್ತು. ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹಿಂದೆ ಒಬ್ಬ ಸ್ಕೂಟರಿನವನಿದ್ದ. ಅವನು ನಮ್ಮ ಟೈರು ನೋಡುತ್ತಿರಲಿಲ್ಲ. ಗುಂಡಿ ನೋಡುತ್ತಿದ್ದ.

ಹೊಸ ರಿಮ್ಮು ಬರಲು ಇಪ್ಪತ್ತು ದಿನ ಬೇಕಾಯಿತು. ಇಪ್ಪತ್ತು ದಿನವೂ ಆ ಸ್ಟೆಪ್ನಿಯೇ ಎಳೆಯಿತು, ಅದೇ ತಿರುಗಿತು, ಅದೇ ನಿಲ್ಲಿಸಿತು. ಹುಡುಗ ಅಷ್ಟೂ ದಿನ ಕಾರಿನ ಎಡಬದಿಯನ್ನು ಗೋಡೆಗೆ ಅಂಟಿಸಿ ಪಾರ್ಕ್ ಮಾಡಿದ. ಆಮೇಲೆ ಅದು ಡಿಕ್ಕಿಗೆ ವಾಪಸು.

ಆಯುಧಪೂಜೆ ಬಂತು. ಕಾರು ತೊಳೆದ. ಬಾಳೆಕಂದು ಕಟ್ಟಿದ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟ. ಅಕ್ಕ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮುಂದಿನ ಚಕ್ರದ ಹತ್ತಿರ ಬಗ್ಗಿದರು. ಹುಡುಗ ಓಡಿ ಬಂದು ಕೈ ಹಿಡಿದುಕೊಂಡ.

“ಅಮ್ಮಾ, ಅಲಾಯ್‌ಗೆ ಬೇಡ, ಕಲೆ ಹೋಗಲ್ಲ. ಡಿಕ್ಕಿ ತೆಗೀತೀನಿ ಇರು. ಸ್ಟೆಪ್ನಿಗೆ ಎಷ್ಟು ಬೇಕಾದ್ರೂ ಹಚ್ಚು.”